ಹಿಂಡಿಗೆಲ್ಲ ಒಂದೇ ಔಷಧ

ಕುರಿಗಳಿಗೆ ಔಷಧ ಕುಡಿಸುವ ದಿನ ನಮ್ಮಲ್ಲಿ ಯಾವ ಕುರಿಗೂ ವಿನಾಯಿತಿ ಇಲ್ಲ. ಒಂದರ ಮೈಯಲ್ಲಿ ರೋಗ ಕಂಡರೆ ಸಾಕು, ದೊಡ್ಡಿಯ ಬಾಯಿಗೆ ನಿಂತು ಒಂದೊಂದನ್ನೇ ತೊಡೆಯ ಸಂದಿಯಲ್ಲಿ ಹಿಡಿದು, ದವಡೆ ಒತ್ತಿ ಎಲ್ಲಕ್ಕೂ ಕುಡಿಸುತ್ತೇವೆ. ಚೆನ್ನಾಗಿದೆಯೆಂದು ಬಿಟ್ಟ ಕುರಿಯೇ ನಾಳೆ ರೋಗವನ್ನು ಮತ್ತೆ ಹಿಂಡಿಗೆ ತರುತ್ತದೆ. ಔರಾದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಅರ್ಧಕ್ಕೇ ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದ ನನಗೆ ವೈದ್ಯವೆಂದರೆ ಇಷ್ಟೇ ಗೊತ್ತಿತ್ತು. ಅದನ್ನೇ ಮನೆಯ ಮಂದಿಗೂ ಮಾಡಿದೆ.

ಅಕ್ಕನನ್ನು ಭಾಲ್ಕಿಗೆ ಕೊಟ್ಟಿದೆ. ಚಿಕ್ಕವಳಿದ್ದಾಗ ಬಂದ ಕೀಲುಜ್ವರ ಅವಳ ಹೃದಯದ ಕವಾಟವೊಂದನ್ನು ಕೆಡಿಸಿತ್ತು. ದೊಡ್ಡವಳಾದ ಮೇಲೆ ಆಪರೇಷನ್ ಮಾಡಿ ಲೋಹದ ಕವಾಟ ಕೂಡಿಸಿದರು. ಸದ್ದಿಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತರೆ ಅದರ ಟಿಕ್ ಟಿಕ್ ಕೇಳಿಸುತ್ತದೆ. ಆ ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ಜೀವ ಇರುವ ತನಕ ಅವಳು ರಕ್ತ ತೆಳುವಾಗಿಸುವ ಗುಳಿಗೆ ನುಂಗಬೇಕು. ಗುಳಿಗೆ ಕಡಿಮೆ ಬಿದ್ದರೆ ಕವಾಟ ಕಟ್ಟಿಕೊಳ್ಳುತ್ತದೆ. ಹೆಚ್ಚು ಬಿದ್ದರೆ ರಕ್ತ ನಿಲ್ಲುವುದೇ ಇಲ್ಲ. ಈ ಎರಡರ ನಡುವೆ, ಹೊಲದ ಬದುವಿನಷ್ಟು ಕಿರಿದಾದ ಜಾಗದಲ್ಲಿ, ಅವಳು ವರ್ಷಗಟ್ಟಲೆ ಕಾಲು ಜಾರದೆ ನಡೆದಳು.

ಅದನ್ನು ನೋಡಿಯೇ ತಿಳಿಯಬೇಕು. ಹಸಿರು ಸೊಪ್ಪು ಆ ಗುಳಿಗೆಯ ಬಲ ಕುಗ್ಗಿಸುತ್ತದೆ ಎಂದು ಡಾಕ್ಟರು ಹೇಳಿದ್ದರು. ಬೇರೆಯವರಾಗಿದ್ದರೆ ಸೊಪ್ಪು ಬಿಡುತ್ತಿದ್ದರು, ಇಲ್ಲವೇ ಮಾತನ್ನು ಮರೆಯುತ್ತಿದ್ದರು. ಅಕ್ಕ ದಿನವೂ ಒಂದೇ ಹಿಡಿ ಪಲ್ಲೆ ತಿಂದಳು. ಮದುವೆ ಮನೆಯಲ್ಲಿ ಪುಂಡಿಪಲ್ಲೆ ಎಷ್ಟೇ ರುಚಿಯಾಗಿರಲಿ, ಹಿಡಿ ಮುಗಿದರೆ ಕೈ ತೊಳೆಯುತ್ತಿದ್ದಳು. ಅಕ್ಕನ ಗಂಡ, ನನ್ನ ಮಾವ, ನಗುತ್ತಿದ್ದ: "ನಿಮ್ಮಕ್ಕನ ಬಾಯಾಗ ತಕ್ಕಡಿ ಕೂಡಿಸ್ಯಾರೋ. ಕವಾಟ ಕೂಡಿಸೀವಿ ಅಂತ ಸುಳ್ಳ ಹೇಳ್ಯಾರ." ರಕ್ತ ತಪಾಸಣೆಗೆ ಬೀದರಿಗೆ ಬಸ್ಸು ಹತ್ತಿ ಹೋಗುವುದನ್ನು ಸುಗ್ಗಿಯಲ್ಲೂ ತಪ್ಪಿಸಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಓದಿದವನು ನಾನು, ನನ್ನ ನಂತರ ಅವಳು. ಆದರೂ ತನ್ನ ಮೈಯನ್ನು ಅವಳಷ್ಟು ಅರಿತವರನ್ನು ನಾನು ಕಂಡಿಲ್ಲ.

ಆ ವರ್ಷ ಪಂಚಮಿಗೆ ಅಕ್ಕ ತವರಿಗೆ ಬಂದಳು. ಮಳೆ ಬಿಟ್ಟಿರಲಿಲ್ಲ. ಒದ್ದೆ ಉಣ್ಣೆ, ಒದ್ದೆ ಬಟ್ಟೆ. ನನ್ನ ತೊಡೆಗೆ ಗಜಕರ್ಣ ಹತ್ತಿತ್ತು. ಉಂಗುರದ ಹಾಗೆ ಕೆಂಪಗೆ ಹಬ್ಬಿ, ಕೆರೆದಷ್ಟೂ ಕೆರೆಯಬೇಕೆನ್ನಿಸುವ ಆ ತುರಿಕೆ ನನ್ನಿಂದ ಹೆಂಡತಿಯ ಸೊಂಟಕ್ಕೆ, ಅವಳಿಂದ ಮಕ್ಕಳಿಗೆ ಹೋಗಿತ್ತು. ಔರಾದದ ಒಂದು ಔಷಧದಂಗಡಿಯಲ್ಲಿ ಚೀಟಿ ಇಲ್ಲದೆ ಕೇಳಿದೆ, ಫ್ಲುಕೋನಜೋಲ್ ಎಂಬ ಗುಳಿಗೆ ಕೊಟ್ಟರು. ಇಡೀ ಮನೆಗೆ ಸಾಕಾಗುವಷ್ಟು ತಂದು, ದೊಡ್ಡಿಯ ಬಾಯಿಗೆ ನಿಂತ ಹಾಗೆ ಅಡುಗೆಮನೆಯ ಬಾಗಿಲಿಗೆ ನಿಂತೆ. ಹೆಂಡತಿ, ಮಕ್ಕಳು, ಸಕ್ಕರೆ ಕಾಯಿಲೆಯ ಅವ್ವ, ಎಲ್ಲರಿಗೂ ದಿನವೂ ಕೊಡತೊಡಗಿದೆ.

ಅಕ್ಕನ ಮೈಮೇಲೆ ಒಂದು ಕಲೆಯೂ ಇರಲಿಲ್ಲ.

"ನನಗ್ಯಾಕೋ? ನನಗೇನ್ ಆಗ್ಯಾದ?"

"ಆಗಿಲ್ಲಂತ ಬಿಟ್ಟಿದ್ದೇ ಹಿಂಡು ಕೆಡಿಸ್ತದ. ತಗೋ."

"ಕುರಿ ಮಾಡಿದೆಲ್ಲೋ ನನ್ನ!" ಎಂದು ನಕ್ಕಳು. ಆಮೇಲೆ ಗುಳಿಗೆಯನ್ನು ಅಂಗೈಯಲ್ಲಿ ಹೊರಳಿಸುತ್ತ ಕೇಳಿದಳು. "ನನ್ನ ರಕ್ತದ ಗುಳಗಿ ಜೋಡಿ ಇದು ನಡೀತದೇನು? ಬೀದರ ಡಾಕ್ಟರಿಗೆ ಕೇಳ್ದೇನು?"

"ಕೇಳೀನಿ ಅಕ್ಕ. ನಡೀತದಂತ."

ಕೇಳಿರಲಿಲ್ಲ. ಫೋನು ಜೇಬಿನಲ್ಲೇ ಇತ್ತು. ಡಾಕ್ಟರೊಡನೆ ಮಾತಾಡಲು ನನಗೆ ಹಿಂಜರಿಕೆ. ಅವರು ಏನಾದರೂ ಕೇಳಿದರೆ ತಿಳಿಯದೆ ತೊದಲುತ್ತೇನೆ. ಅದನ್ನು ಅಕ್ಕನ ಮುಂದೆ ಒಪ್ಪಿಕೊಳ್ಳುವುದಕ್ಕಿಂತ ಸುಳ್ಳು ಹಗುರ ಅನ್ನಿಸಿತು. ಅವಳು ನುಂಗಿದಳು. ಹಬ್ಬ ಮುಗಿದು ಹೊರಟಾಗ ಅವಳ ಪಾಲಿನ ಉಳಿದ ಗುಳಿಗೆಗಳನ್ನೂ ಕಟ್ಟಿ ಕೊಟ್ಟೆ, ದಿನಾ ಒಂದರಂತೆ ಮುಗಿಸು ಎಂದೆ. ಹೇಳಿದ್ದನ್ನು ಅರ್ಧಕ್ಕೆ ಬಿಡುವವಳಲ್ಲ ಅವಳು.

ಭಾಲ್ಕಿಯಿಂದ ಮಾವನ ಫೋನು ಬಂದಾಗ ನಾನು ಅಡವಿಯಲ್ಲಿದ್ದೆ. ಅಕ್ಕನ ವಸಡಿನಲ್ಲಿ ರಕ್ತ ನಿಲ್ಲುತ್ತಿಲ್ಲ, ಮೂಗಿನಿಂದಲೂ ಬರುತ್ತಿದೆ, ಬೀದರಿಗೆ ಒಯ್ಯುತ್ತಿದ್ದೇವೆ ಎಂದ. ನಾನು ದವಾಖಾನೆ ಮುಟ್ಟುವಷ್ಟರಲ್ಲಿ ಅವಳ ಮೂಗಿಗೆ ಬತ್ತಿ ತುರುಕಿ, ಬಾಯಲ್ಲಿ ಅರಳೆ ಇಟ್ಟಿದ್ದರು. ಮಾತಾಡುವಂತಿರಲಿಲ್ಲ. ನನ್ನನ್ನು ಕಂಡು ಕಣ್ಣಲ್ಲೇ ಕೂತುಕೋ ಎಂದಳು.

ಡಾಕ್ಟರು ನಡುವಯಸ್ಸಿನ ಹೆಂಗಸು. ರಕ್ತದ ವರದಿ ಹಿಡಿದು ಬಂದರು.

"ರಕ್ತ ನೀರಾಗ್ಯಾದ್ರಿ. ಬ್ಯಾರೆ ಏನರ ಗುಳಗಿ ಕೊಟ್ಟೀರೇನು ಈಕಿಗಿ?"

ಮಾವ ನನ್ನ ಕಡೆ ನೋಡಿದ. ತವರಿನಿಂದ ಏನು ಬಂದಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

"ಇಲ್ರಿ," ಅಂದೆ.

"ಹಂಗಾರ ಈಕಿನೇ ಲೆಕ್ಕ ತಪ್ಪಿ ಎರಡೆರಡು ನುಂಗ್ಯಾಳ. ಸದ್ಯ ರಕ್ತದ ಗುಳಗಿ ನಿಲ್ಸೀನಿ. ಆಮ್ಯಾಲ ಅರ್ಧಕ್ಕ ಇಳಿಸಿ ಚಾಲು ಮಾಡ್ತೇನಿ. ಮನ್ಯಾಗ ಯಾರರ ಎಣಿಸಿ ಕೊಡ್ರಿ. ಈಕಿ ಕೈಯಾಗ ಬಿಡಬ್ಯಾಡ್ರಿ."

ಅಕ್ಕ ತಲೆ ಅಲ್ಲಾಡಿಸಿದಳು. ಮತ್ತೆ ಅಲ್ಲಾಡಿಸಿದಳು. ಬಾಯೊಳಗಿನ ಅರಳೆಯ ಸಂದಿಯಿಂದ ಏನೋ ಸದ್ದು ಬಂತು, ಕಣ್ಣಿನಿಂದ ನೀರು ಕಿವಿಗೆ ಹರಿಯಿತು. ಆಪರೇಷನ್ನಿಗೆ ಹೋದಾಗಲೂ ಅವಳು ಅತ್ತಿರಲಿಲ್ಲ. ಸಾಯುವ ಹೆದರಿಕೆಗೆ ಬಂದ ಅಳುವಲ್ಲ ಅದು, ಲೆಕ್ಕ ತಪ್ಪಿದವಳು ಅನ್ನಿಸಿಕೊಂಡದ್ದಕ್ಕೆ.

ನನಗೆ ತಡೆಯಲಾಗಲಿಲ್ಲ. "ಮೇಡಂ, ಆಕಿ ತಪ್ಪಿಲ್ರಿ. ನಾ ಗಜಕರ್ಣದ ಗುಳಗಿ ತಿನಿಸೀನ್ರಿ. ನಿಮಗ ಕೇಳೀನಿ ಅಂತ ಸುಳ್ಳ ಹೇಳಿ," ಎಂದೆ. ಗುಳಿಗೆಯ ಹೆಸರನ್ನೂ ಹೇಳಿದೆ.

ಅವರು ಬೈಯಲಿಲ್ಲ. ಮೊದಲು ಬರೆದದ್ದಕ್ಕೆ ಅಡ್ಡಗೆರೆ ಎಳೆದು, ಹಾಸಿಗೆಯ ಅಂಚಿಗೆ ಕುಳಿತು, ನನ್ನ ಹೆಗಲ ಮೇಲಿನ ಕಂಬಳಿ ನೋಡಿದರು.

"ಕುರಿ ಕಾಯೋರು ಅಲ್ರಿ ನೀವು? ಕಲೇಜಿ, ಅಂದ್ರ ಲಿವರ್, ನೋಡಿರ್ತೀರಿ. ನಾವು ನುಂಗಿದ ಔಷಧ ಕಡೀಕ ಅಲ್ಲೇ ಹೋಗ್ತದ. ಅಲ್ಲಿ ಕಿಣ್ವ ಅಂತ ಅವ. ಕುರಿ ಉಣ್ಣೆ ಕತ್ತರಿಸೋರು ಸಾಲಾಗಿ ಕುಂತಂಗ ಕುಂತು, ಬಂದ ಔಷಧ ಕತ್ತರಿಸಿ ಕತ್ತರಿಸಿ ಹೊರಗ ಹಾಕ್ತಾವ. ನಿಮ್ಮಕ್ಕನ ರಕ್ತದ ಗುಳಗಿನೂ ದಿನಾ ಹಂಗೇ ಹೋಗ್ತಿತ್ತು. ಗಜಕರ್ಣದ ಬೂಜಿನೊಳಗನೂ ಅಂಥದ್ದೇ ಒಂದು ಕಿಣ್ವ ಅದ. ಅದರ ಕತ್ತರಿ ಹಿಡಿದು ನಿಲ್ಸಲಿಕ್ಕಂತ ಆ ಗುಳಗಿ ಮಾಡ್ಯಾರ. ಆದ್ರ ನಮ್ಮ ಕಲೇಜಿಯಾಗಿನವು ಅದರ ದಾಯಾದಿಗಳು. ಇವುಗಳ ಕತ್ತರಿನೂ ಅದು ಹಿಡೀತದ. ಕತ್ತರಿಸೋರು ಸುಮ್ಮನ ಕುಂತ್ರು. ಆಕಿ ಮೊದಲಿನಷ್ಟೇ ನುಂಗ್ಯಾಳ, ಹೋಗೋದು ನಿಂತು ಒಳಗ ಕೂಡಿಬಿಟ್ಟದ."

ಇಷ್ಟೊಂದು ದಿನಗಳಿಂದ ನನ್ನ ಮೈಯೊಳಗೂ ಅಂಥ ಕೆಲಸ ಸದ್ದಿಲ್ಲದೆ ನಡೆಯುತ್ತಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅಂಥ ಹೊತ್ತಿನಲ್ಲೂ ಬೆರಗಾಯಿತು.

"ಈಗ ಹೇಳಿದ್ದು ಚಲೋ ಆಯ್ತು," ಎಂದರು. "ಆ ಗುಳಗಿ ನಿಂತ ಮ್ಯಾಲ ಕತ್ತರಿ ಮತ್ತ ಚಾಲು ಆಗ್ತಾವ. ನಾ ಅರ್ಧ ಬರದು ಹಂಗೇ ಕಳಿಸಿದ್ರ, ಮನಿಗಿ ಹೋದ ಮ್ಯಾಲ ಗುಳಗಿ ಸಾಲದ ಕವಾಟ ಕಟ್ಟಿಕೊಂತಿತ್ತು."

ಅಕ್ಕ ಕೈಯಾಡಿಸಿ ಬಾಯೊಳಗಿನ ಅರಳೆ ತೆಗೆಯಲು ಸನ್ನೆ ಮಾಡಿದಳು. ನರ್ಸ್ ತೆಗೆದರು. ಈಗ ನನಗೆ ಬೈಗುಳ ಬೀಳುತ್ತದೆ ಎಂದು ತಲೆ ತಗ್ಗಿಸಿದೆ. ಅವಳು ನನ್ನನ್ನು ನೋಡಲೇ ಇಲ್ಲ.

"ಮೇಡಂ, ಅವ್ವಗೂ ಕೊಟ್ಟಾನ್ರಿ ಇವಾ. ಆಕಿ ಸಕ್ಕರಿ ಗುಳಗಿ ನುಂಗ್ತಾಳ. ಅದೂ ಹಂಗೇ ಒಳಗ ಕೂಡ್ತದೇನ್ರಿ?"

ಡಾಕ್ಟರ ಮುಖ ಬದಲಾಯಿತು. "ಕೆಲವು ಸಕ್ಕರಿ ಗುಳಗಿ ಕೂಡ್ತಾವ. ಸಕ್ಕರಿ ಭಾಳ ಇಳೀತದ. ಫೋನ್ ಹಚ್ರಿ ಲಗು."

ನಾನು ಫೋನು ತೆಗೆಯುತ್ತ ಅಕ್ಕನ ಮುಖ ನೋಡಿದೆ. "ಬೈಲಿಕ್ಕ ಆಮ್ಯಾಲ ವ್ಯಾಳೆ ಅದ. ಮೊದಲ ಹಚ್ಚೋ ತಮ್ಮಾ," ಎಂದಳು ಅಕ್ಕ.

ಅವ್ವ ಮುಂಜಾನೆಯಿಂದ ಬೆವತು ಗೋಡೆಗೆ ಒರಗಿ ಕುಳಿತಿದ್ದಾಳೆ, ಹಸಿವೋ ಏನೋ ಎಂದಳು ಹೆಂಡತಿ. ಡಾಕ್ಟರು ಫೋನು ಕಸಿದುಕೊಂಡು ಸಕ್ಕರೆ ನೀರು ಕುಡಿಸಲು ಹೇಳಿದರು, ತಕ್ಷಣ ಔರಾದದ ದವಾಖಾನೆಗೆ ಒಯ್ಯಲು ಹೇಳಿದರು. ಸಂಜೆಗೆ ಅವ್ವನೇ ಫೋನು ಮಾಡಿ, "ಹುಡುಗಿ ಹ್ಯಾಂಗ ಅದಾಳ?" ಎಂದು ಕೇಳಿದಳು. ಅವ್ವನನ್ನು ಉಳಿಸಿದ್ದು ಮೂಗಿನಲ್ಲಿ ಬತ್ತಿ ಇಟ್ಟುಕೊಂಡು ಮಲಗಿದ್ದ ಅಕ್ಕ. ತನಗಾದ ಮೋಸ ತಿಳಿದ ಗಳಿಗೆಯಲ್ಲೇ ಅವಳಿಗೆ ಇನ್ನೊಬ್ಬರ ಗುಳಿಗೆ ನೆನಪಾಯಿತು. ಕೊಟ್ಟ ನನಗೆ ಆಗಲಿಲ್ಲ.

ರಕ್ತ ಹದಕ್ಕೆ ಬರುವ ತನಕ ಅವಳನ್ನು ಅಲ್ಲೇ ಇಟ್ಟುಕೊಂಡರು, ಮತ್ತೆ ಮತ್ತೆ ತಪಾಸಣೆ ಮಾಡಿದರು. ಬಿಡುಗಡೆಯ ದಿನ ನರ್ಸ್ ರಕ್ತದ ಗುಳಿಗೆಯ ಚೀಲವನ್ನು, ಜೊತೆಗಿದ್ದ ಗಂಡಸು ಎಂದು, ನನ್ನ ಕಡೆ ಚಾಚಿದರು. ನಾನು ಕೈ ಮುಂದೆ ಮಾಡುವಷ್ಟರಲ್ಲಿ ಅಕ್ಕ ನಡುವೆ ಬಂದಳು.

"ನನ್ನ ಕೈಯಾಗ ಕೊಡ್ರಿ ಸಿಸ್ಟರ್. ಇಂವ ಬಟ್ಟಿ ಗಂಟು ಹೊರ್ತಾನ."

ನಾನು ಗಂಟು ಹೊತ್ತು ಅವಳ ಹಿಂದೆ ಬಸ್ ನಿಲ್ದಾಣಕ್ಕೆ ನಡೆದೆ.