ಅಡಿಗಲ್ಲು ತೋರಿಸಿದವರಿಗೆ ನಾನು ಕೇಳಿದ ಮಾತು

ಅದು ೨೦೦೬ನೇ ಇಸವಿ. ಹೊಸಪೇಟೆಗೆ ಅದಿರಿನ ಹುಚ್ಚು ಹಿಡಿದಿದ್ದ ಕಾಲ. ಸಂಡೂರು ಕಡೆಯಿಂದ ಬರುವ ಲಾರಿಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ಬೆಳಿಗ್ಗೆ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ನಾನು ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದೆ. ಲಾರಿಗೆ ಲೋಡು ಕೊಡಿಸುವುದು, ಲೋಡಿಗೆ ಲಾರಿ ಕೊಡಿಸುವುದು, ನಡುವೆ ನನ್ನ ಪಾಲು ತೆಗೆದುಕೊಳ್ಳುವುದು, ಇಷ್ಟೇ ನನ್ನ ಕೆಲಸ. ಕಮಿಷನ್ ಇಲ್ಲದೆ ನಮ್ಮಲ್ಲಿ ಯಾರೂ ಯಾರಿಗೂ ದಾರಿ ಕೂಡ ತೋರಿಸುತ್ತಿರಲಿಲ್ಲ. ಅದನ್ನೇ ನಾನು ಲೋಕಜ್ಞಾನ ಅಂದುಕೊಂಡು ಮೀಸೆ ತಿರುವುತ್ತಿದ್ದೆ.

ಆ ವರ್ಷ ನನಗೊಂದು ಚಟ ಅಂಟಿತು. ಮರಿಯಮ್ಮನಹಳ್ಳಿಯ ಗ್ಯಾರೇಜೊಂದರಲ್ಲಿ ಒಬ್ಬ ಲಾರಿಯ ಸ್ಪ್ರಿಂಗ್ ಪಟ್ಟಿ, ಅಂದರೆ ಪಾಟಾದ, ಮುರಿದ ತುಂಡನ್ನು ಕೆಂಪಗೆ ಕಾಯಿಸಿ, ಬಡಿದು, ನನ್ನ ಕಣ್ಣೆದುರೇ ಚಾಕು ಮಾಡಿಬಿಟ್ಟ. ಲಾರಿಯ ಭಾರ ಹೊತ್ತ ಉಕ್ಕು ಈರುಳ್ಳಿ ಹೆಚ್ಚುವ ಚಾಕಾಯಿತಲ್ಲ ಎಂದು ನನಗೆ ಬೆರಗು. ಮನೆಯ ಹಿತ್ತಲಲ್ಲಿ ನಾನೂ ಒಂದು ಸಣ್ಣ ಒಲೆ ಕಟ್ಟಿದೆ, ಕೈಯಿಂದ ತಿರುಗಿಸುವ ಬ್ಲೋವರ್ ತಂದೆ. ಬಡಿಯಲು ಕೆಳಗೇನೂ ಇರಲಿಲ್ಲವಾದ್ದರಿಂದ ಹಳೆಯ ಒರಳುಕಲ್ಲನ್ನು ಬೋರಲು ಹಾಕಿಕೊಂಡೆ. ಎರಡನೇ ದಿನವೇ ಅದು ಸೀಳಿತು. ಅತ್ತೆ ಕೊಟ್ಟ ಒರಳು ಅದು, ಮನೆಯಾಕೆ ವಾರ ಮಾತಾಡಲಿಲ್ಲ. ಆಗ ಗೊತ್ತಾಯಿತು, ಬೇಕಾದದ್ದು ಅಡಿಗಲ್ಲು, ಅಂದರೆ ಕಮ್ಮಾರರು ಕಾದ ಕಬ್ಬಿಣವನ್ನು ಇಟ್ಟು ಬಡಿಯುವ ಉಕ್ಕಿನ ದಪ್ಪ ದಿಮ್ಮಿ.

ಅಷ್ಟರಲ್ಲಿ ಕೆಲಸದ ಮೇಲೆ ಕಂಪ್ಲಿಗೆ ಹೋಗಿದ್ದೆ. ಸಂತೆಯಲ್ಲಿ ಒಬ್ಬ ಮುದುಕರು ಕುಡುಗೋಲು ಹರವಿಕೊಂಡು ಕುಳಿತಿದ್ದರು. ಕಣ್ಣಿಗೆ ಆಪರೇಷನ್ ಆದವರು ಹಾಕುವ ಕಪ್ಪು ಕನ್ನಡಕ. ಹೆಸರು ಮಾನಪ್ಪ. ಕುಡುಗೋಲಿನ ಹದ ನೋಡಿ ನಾನು ಮಾತಿಗೆ ಕುಳಿತೆ, ನನ್ನ ಚಾಕಿನ ಹುಚ್ಚನ್ನೂ ಹೇಳಿಕೊಂಡೆ.

"ಆಫೀಸ್ನಾಗ ಕುಂದ್ರೋರು ನೀವು, ನಿಮಗ್ಯಾಕ್ರಿ ಈ ಬೆಂಕಿ ಕೆಲಸ?" ಎಂದು ನಕ್ಕರು.

"ಮನಸಾಗೈತ್ರಿ ಅಜ್ಜಾರ. ಒಂದು ಚಲೋ ಅಡಗಲ್ಲು ಆರಿಸಿಕೊಡ್ರಿ."

"ದಿನಾ ಬಡೀತೀರೇನು, ನಾಕ್ ದಿನಕ್ಕ ಬಿಡ್ತೀರೋ?" ಎಂದು ಕೇಳಿದರು. ದಿನಾ ಬಡಿಯುತ್ತೇನೆ ಎಂದೆ. "ಹಂಗಾರ ಐತ್ರಿ ಒಂದು, ನಿಮ್ಮ ಊರಾಗನ ಐತಿ. ಮಂಗಳವಾರ ಕಣ್ಣು ತೋರ್ಸಾಕ ಬರ್ತೀನಿ, ಹೋಗಿ ನೋಡೂಣು" ಎಂದರು.

ಹೇಳಿದ ದಿನ ಬಂದರು. ಮೊದಲು ಹೊಸದು ನೋಡೋಣ ಎಂದು ನಾನೇ ಅವರನ್ನು ಒಂದು ಹಾರ್ಡ್‌ವೇರ್ ಅಂಗಡಿಗೆ ಕರೆದೊಯ್ದೆ. ನೀಲಿ ಬಣ್ಣ ಬಳಿದ ಎರಕದ ಅಡಿಗಲ್ಲು, ಮೇಲ್ಭಾಗ ಕನ್ನಡಿಯ ಹಾಗೆ ಸಪಾಟು. ನನಗೆ ಅಲ್ಲೇ ಮನಸ್ಸು ಕುಳಿತಿತು. ಮಾನಪ್ಪ ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ಅದರ ಮೇಲೆ ಬೀಳಬಿಟ್ಟರು. ದಬ್ ಎಂದಿತು, ಸುತ್ತಿಗೆ ಬಿದ್ದಲ್ಲೇ ಮಲಗಿತು. "ಇದು ಬ್ಯಾಡ್ರಿ, ಸುತ್ತಿಗೀನ ತಿಂತೈತಿ. ಅಂಚೂ ಉಳಿಯಂಗಿಲ್ಲ" ಎಂದರು.

ಅಲ್ಲಿಂದ ನನ್ನನ್ನು ಕರೆದುಕೊಂಡು ಹೋದದ್ದು ಸಂಡೂರು ರಸ್ತೆಯ ಒಂದು ಗುಜರಿಗೆ. ಮೂಲೆಯಲ್ಲಿ ಹಳೆಯ ಚೌಕದ ಅಡಿಗಲ್ಲೊಂದು ಬಿದ್ದಿತ್ತು. ಕಪ್ಪಗೆ, ನಡುವೆ ಸವೆದು ಅಂಗೈಯಷ್ಟು ತಗ್ಗಾಗಿತ್ತು. ಮಾನಪ್ಪ ಆ ತಗಡು, ಮೊಳೆಗಳ ರಾಶಿಯ ನಡುವೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಅದರ ಹತ್ತಿರ ಹೋದರು, ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅದೇ ಸುತ್ತಿಗೆ ಬೀಳಬಿಟ್ಟರು. ಟಣ್ ಎಂದು ಸುತ್ತಿಗೆ ಮೇಲಕ್ಕೆ ಪುಟಿದು ಅವರ ಕೈಗೇ ಬಂತು.

"ನೋಡ್ರಿ, ಇದು ಕೊಟ್ಟಿದ್ದು ವಾಪಸ್ ಕೊಡ್ತೈತಿ. ನಿಮ್ಮ ರಟ್ಟಿ ನೋಯಂಗಿಲ್ಲ. ತಗ್ಗು ಐತಂತ ಅಂಜಬ್ಯಾಡ್ರಿ, ಕುಡುಗೋಲು ಬಾಗ್ಸಾಕ ಅದು ಬೇಕು. ಚಾಕುಗೆ ಈ ಮಗ್ಗಲು ಸಪಾಟೈತಿ. ಇವತ್ತ ಒಯ್ದುಬಿಡ್ರಿ, ಇಲ್ಲಾಂದ್ರ ಕರಗ್ಸಾಕ ಭಟ್ಟಿಗೆ ಹೊಕ್ಕೈತಿ."

ಗುಜರಿಯ ಮಾಲೀಕ ಬಾಷಾ ದೂರದಿಂದ ನಗುತ್ತ ನಮ್ಮನ್ನೇ ನೋಡುತ್ತಿದ್ದ. ನನ್ನ ಲೋಕಜ್ಞಾನ ಎದ್ದು ಕುಳಿತಿತು. ಅಂಗಡಿಯ ಮಾಲನ್ನು ಹಳಿದು ತಮ್ಮವನ ಹತ್ತಿರ ಕರೆತರುವುದು, ಇವತ್ತೇ ಒಯ್ಯಿರಿ ಎಂದು ಅವಸರ ಮಾಡುವುದು, ಮೇಲೊಂದಿಷ್ಟು ಭಕ್ತಿ. ಇದೇ ಆಟವನ್ನು ನಾನು ದಿನಾ ಆಡುತ್ತಿದ್ದೆ, ನನಗೇ ಟೋಪಿ ಹಾಕುತ್ತಾರಾ ಅನ್ನಿಸಿತು. ಕೆಲಸದವರೆಲ್ಲ ಕೇಳುವ ಹಾಗೆ ಅಂದೆ:

"ಅಜ್ಜಾರ, ಖರೇ ಹೇಳ್ರಿ. ಇದರಾಗ ನಿಮಗೆಷ್ಟು?"

ಯಾರೋ ಕಿಸಕ್ಕನೆ ನಕ್ಕರು. ಮಾನಪ್ಪನವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ನಂಗೇನಿಲ್ರಿ. ಬೇಕಂದ್ರ ತಗೊಳ್ರಿ, ಬ್ಯಾಡಂದ್ರ ಬಿಡ್ರಿ" ಎಂದು ಮೆಲ್ಲಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡರು.

ನಾನು ಬೈಕ್ ಹತ್ತಿದೆ. ಬಸ್ ಸ್ಟ್ಯಾಂಡಿಗೆ ಬಿಡುತ್ತೇನೆ ಎನ್ನಲಿಲ್ಲ, ಒಂದು ಚಹಾ ಕುಡಿಯಿರಿ ಎನ್ನಲೂ ಇಲ್ಲ. ನೆಟ್ಟಗೆ ಹಾರ್ಡ್‌ವೇರ್ ಅಂಗಡಿಗೆ ಹೋಗಿ ನೀಲಿ ಅಡಿಗಲ್ಲನ್ನೇ ತಂದೆ. ಮೋಸ ಹೋಗಲಿಲ್ಲ ಎಂದು ಮನೆಯಲ್ಲಿ ಕೊಚ್ಚಿಕೊಂಡೆ ಬೇರೆ.

ಹದಿನೈದು ದಿನಕ್ಕೆ ನನ್ನ ರಟ್ಟೆ ಎತ್ತಲಾಗದಂತಾಯಿತು. ಮುಂದಿನ ವಾರ ಪಾಟಾದ ತುಂಡನ್ನು ಅಂಚಿನಲ್ಲಿಟ್ಟು ಜೋರಾಗಿ ಬಡಿದಾಗ ಅಂಚೇ ಒಡೆದು, ಚೂರೊಂದು ಕೆನ್ನೆ ಸವರಿಕೊಂಡು ಹೋಯಿತು. ಗುಜರಿಗೆ ಓಡಿದೆ.

"ಈಗ ಬಂದ್ರೇನ್ ಸಾರ್? ಭಟ್ಟಿಗೆ ಹೋಗಿ ಹತ್ತು ದಿನ ಆತು" ಎಂದ ಬಾಷಾ. ಆಮೇಲೆ ನನ್ನ ಮುಖ ನೋಡಿ ಹೇಳಿದ. "ಅದು ಆ ಅಜ್ಜಂದ ಅಡಗಲ್ಲು ಸಾರ್. ಕಣ್ಣಿನ ಆಪರೇಷನ್ ಆದಮ್ಯಾಲೆ ಡಾಕ್ಟ್ರು ಬೆಂಕಿ ಹತ್ರ ಹೋಗಬ್ಯಾಡ ಅಂದ್ರಂತ. ಇನ್ನ ಅಪ್ಪ ಕುಲುಮಿ ಹಚ್ಚಂಗಿಲ್ಲಂತ ಮಗ ಇಲ್ಲಿ ತೂಕಕ್ಕ ಹಾಕಿದ್ದ. ಅಜ್ಜ ಬಂದು, ಮಗನ್ನ ಬೈಯಲಿಲ್ಲ, ನನಗ ಮಾತ್ರ ಸ್ವಲ್ಪ ದಿನ ತಡಿ, ಬಡಿಯೋರು ಒಬ್ರು ಸಿಗ್ತಾರ ಅಂದ."

"ನನಗ್ಯಾಕ ಹೇಳಲಿಲ್ಲ?"

"ನಾನೂ ಕೇಳಿದೆ. ನಂದಂತ ತಿಳಿದ್ರ ಕನಿಕರಕ್ಕ ಒಯ್ತಾರ, ಚಲೋ ಐತಂತ ಒಯ್ಬೇಕು ಅಂದ."

ಮರುದಿನವೇ ಕಂಪ್ಲಿಗೆ ಹೋದೆ. ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ಓಣಿ ವಿಚಾರಿಸಿಕೊಂಡು ಮನೆ ತಲುಪಿದಾಗ ಮಾನಪ್ಪ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಕಾಳಮ್ಮ ಒಳಗಿನಿಂದ ಬಂದರು. "ಯಾರು, ಹೊಸಪ್ಯಾಟಿಯವರೇನು?" ಎಂದು ಅವರ ಮುಖವೆಲ್ಲ ಅರಳಿತು. "ಬರ್ರಿ, ಕುಂದ್ರಿ. ಹೆಂಗೈತ್ರಿ ನಮ್ಮ ಅಡಗಲ್ಲು? ನೀವು ಒಯ್ದ್ರಂತ ಇವರು ಬಂದು ಹೇಳಿದ್ರು ನೋಡ್ರಿ, ಅವತ್ತ ನನಗ ನಿದ್ದಿ ಬಂತು."

ನಾನು ಮಾನಪ್ಪನವರ ಕಡೆ ನೋಡಿದೆ. ಅವರು ಕತ್ತನ್ನು ಸ್ವಲ್ಪವೇ ಅಲ್ಲಾಡಿಸಿದರು. ಹೇಳಬೇಡ ಎಂದು.

"ಚಲೋ ಐತ್ರಮ್ಮ" ಎಂದೆ.

"ಬಾರಿಸಿದ್ರ ಮೂರು ಓಣಿಗೆ ಕೇಳ್ತೈತಿ, ಅಲ್ರಿ? ಇವರು ಇಕ್ಕಳದಾಗ ಹಿಡಿಯೋದು, ನಾನು ಸಮ್ಮಟಿಗಿ ಎತ್ತೋದು. ಬಸುರಾಗಿ ಏಳು ತಿಂಗಳ ತನಕಾ ಎತ್ತೀನ್ರಿ ಅದರ ಮ್ಯಾಲೆ." ಹಾಗೆನ್ನುತ್ತಲೇ ಒಳಗೆ ಹೋಗಿ, ಹಿಡಿ ಸವೆದು ನುಣುಪಾದ ಒಂದು ದೊಡ್ಡ ಸಮ್ಮಟಿಗೆಯನ್ನು ಎರಡೂ ಕೈಯಲ್ಲಿ ಹೊತ್ತು ತಂದರು. "ಇದನ್ನೂ ಒಯ್ರಿ. ಎರಡೂ ಕೂಡಿ ಇರ್ಲಿ. ಅದು ಅಲ್ಲಿ, ಇದು ಇಲ್ಲಿ, ಯಾಕ?"

ಬೇಡ ಎಂದೆ. "ಕೊಡಾಕತ್ಯಾಳಲ್ಲ, ತಗೊಳ್ರಿ" ಎಂದರು ಮಾನಪ್ಪ. ಬಸ್ ನಿಲ್ಲುವಲ್ಲಿಗೆ ನನ್ನ ಜೊತೆಗೇ ನಡೆದು ಬಂದರು. ದಾರಿಯಲ್ಲಿ ನಾನು ತಪ್ಪಾಯಿತು ಎಂದೆ, ಅಳು ಬಂದಿತ್ತು. "ಇರ್ಲಿ ಬಿಡ್ರಿ. ಆಕಿಗೆ ಮಾತ್ರ ಯಾವತ್ತೂ ಗೊತ್ತಾಗಬಾರ್ದು" ಎಂದಷ್ಟೇ ಹೇಳಿ, ಬಸ್ಸು ಬಂದಾಗ ಸಮ್ಮಟಿಗೆಯನ್ನು ತಾವೇ ಎತ್ತಿ ಮೇಲೆ ಕೊಟ್ಟರು.

ಆಮೇಲೆ ನಾನು ಕಂಪ್ಲಿಯ ಆ ಓಣಿಗೆ ಹೋಗಿಲ್ಲ. ಕಾಳಮ್ಮ ಮತ್ತೆ ಕೇಳಿದರೆ ಮತ್ತೆ ಸುಳ್ಳು ಹೇಳುವ ಧೈರ್ಯ ನನಗಿಲ್ಲ. ಆ ಕಮಿಷನ್ ಕೆಲಸ ಬಿಟ್ಟೆ, ಚಾಕು ಮಾಡುವ ಚಟವೂ ಬಿಟ್ಟಿತು. ಸಮ್ಮಟಿಗೆ ನಮ್ಮ ಹಿತ್ತಲ ಕೋಣೆಯಲ್ಲಿದೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದನ್ನು ತೊಳೆದು ಕುಂಕುಮ ಹಚ್ಚುವಾಗ, ಇದರ ಅಡಿಗಲ್ಲು ಎಲ್ಲಿ ಎಂದು ಮನೆಯವರು ಕೇಳುತ್ತಾರೆ. ನಾನು ಹೂವು ತರುವ ನೆಪ ಮಾಡಿ ಹೊರಗೆ ಹೋಗುತ್ತೇನೆ.