ಇಲ್ಲದ ಅಪ್ಪನಿಗೊಂದು ಪ್ರಾರ್ಥನೆ

ಬಾವಿಯಲ್ಲಿ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲಿತ್ತು. ನಾನು ಹೆದರಿ ಹಿಂದಕ್ಕೆ ಸರಿದೆ. ನಮ್ಮ ಹೊಸಪೇಟೆಯ ಕಡೆ ಬಾವಿಯೆಂದರೆ ಕತ್ತಲು. ಹಗ್ಗ ಇಳಿಬಿಟ್ಟು, ಕೊಡ ಮುಳುಗಿದ ಸದ್ದು ಕೇಳಿದ ಮೇಲೆಯೇ ನೀರಿದೆ ಎಂಬ ಧೈರ್ಯ. ಇಲ್ಲಿ ನೀರು ತಾನಾಗಿಯೇ ಎದ್ದು ಬಂದು ನನ್ನ ಮುಖವನ್ನು ನನಗೇ ತೋರಿಸುತ್ತಿತ್ತು. ತಳದಲ್ಲಿ ಇರಬೇಕಾದದ್ದೆಲ್ಲ ಈ ಊರಿನಲ್ಲಿ ಹೀಗೆಯೇ ಮೇಲಕ್ಕೆ ಬರುತ್ತದೆಯೇನೋ ಎನಿಸಿತು. ನನ್ನಲ್ಲೋ, ಮೇಲಕ್ಕೆ ಬರಬಾರದ ಸಂಗತಿಯೊಂದಿತ್ತು.

“ಎಂತ ಮಾರಾಯ್ತಿ, ಬಾವಿಯಲ್ಲಿ ನೀರು ನೋಡಿಲ್ವಾ ನೀನು?” ಎಂದರು ರೆಜಿನಾ ಬಾಯಿ.

ಮಂಗಳೂರಿನ ಕುಲಶೇಖರದ ಆ ಹೆಂಚಿನ ಮನೆಯ ಒಡತಿ ಅವರು. ಇಲ್ಲಿ ಕ್ರಿಸ್ತುವರ ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರೆ. ಮದುವೆಯಾಗದೆ, ನರ್ಸ್ ಆಗಿ ಊರೂರು ತಿರುಗಿ, ವಯಸ್ಸಾದ ಮೇಲೆ ತಮ್ಮ ಕೊಂಕಣಿಯ ಊರಿಗೆ ಮರಳಿದವರು. ಬಳ್ಳಾರಿಯ ಆಸ್ಪತ್ರೆಯಲ್ಲಿಯೂ ಕೆಲವು ವರ್ಷ ಇದ್ದರು. ಆ ಪರಿಚಯದಿಂದಲೇ ನಮ್ಮ ಶಾಲೆಯ ಟೀಚರಮ್ಮ ನನ್ನನ್ನು ಅವರ ಮನೆಗೆ ಕಳಿಸಿದ್ದು. ನಾಡೆಲ್ಲ ಒಂದಾಗಿ ಮಂಗಳೂರೂ ಬಳ್ಳಾರಿಯೂ ಒಂದೇ ರಾಜ್ಯಕ್ಕೆ ಸೇರಿದ್ದ ಹೊಸತು. ಒಂದೇ ರಾಜ್ಯವೆಂದು ನಂಬಿ ರೈಲು ಹತ್ತಿದವಳು, ಘಟ್ಟ ಇಳಿದ ಬಸ್ಸಿನಿಂದ ಬೇರೆಯೇ ಲೋಕದಲ್ಲಿ ಕಾಲಿಟ್ಟಿದ್ದೆ.

ಮಂಗಳೂರಿಗೆ ಬಂದ ಕಾರಣ ಹೊರಗೆ ಹೇಳಿಕೊಂಡದ್ದು ಒಂದು: ಶಿಕ್ಷಕಿಯರ ತರಬೇತಿ. ಒಳಗಿನದು ಬೇರೆ. ನಮ್ಮವ್ವ ದುರುಗವ್ವ ಬಸವಿ. ಗಂಡುಮಕ್ಕಳಿಲ್ಲದ ಮನೆಯಲ್ಲಿ ಒಬ್ಬ ಮಗಳಿಗೆ ಮುತ್ತು ಕಟ್ಟಿ ದೇವರಿಗೆ ಬಿಡುವುದು ನಮ್ಮ ಕಡೆಯ ಪದ್ಧತಿ. ಅವಳಿಗೆ ಮದುವೆಯಿಲ್ಲ. ಅವಳೇ ಮನೆಯ ಗಂಡುಮಗ, ಹೊಲಮನೆ ಅವಳದೇ. ಬಂದು ಹೋಗುವ ಗಂಡಸರು ಯಾರ ಅಪ್ಪನೂ ಅಲ್ಲ. ಕಾನೂನು ಇದನ್ನೆಲ್ಲ ನಿಲ್ಲಿಸಿತ್ತಂತೆ; ಆ ಕಾನೂನು ನಮ್ಮೂರಿನ ದಾರಿ ಹಿಡಿದಿರಲಿಲ್ಲ. ಅವ್ವನಿಗೆ ನಾವಿಬ್ಬರು ಹೆಣ್ಣುಮಕ್ಕಳು. ಮುತ್ತು ನನಗೆಂದು ಅಜ್ಜಿ ಎತ್ತಿಟ್ಟಿದ್ದಳು. ನೀನು ಮಾಸ್ತರಿಕೆಯ ಕೆಲಸ ಹಿಡಿದು ಬಂದರೆ ನಿನಗೂ ಮುತ್ತು ಕಟ್ಟುವುದಿಲ್ಲ, ನಿನ್ನ ತಂಗಿಗೂ ಕಟ್ಟುವುದಿಲ್ಲ. ಅರ್ಧಕ್ಕೆ ತಿರುಗಿ ಬಂದೆಯೋ ಇಬ್ಬರಲ್ಲಿ ಒಬ್ಬಳ ಕೊರಳು ನನ್ನದು ಎಂದು ಅವಳು ಹೇಳಿದ್ದಳು. ತಂಗಿ ಈರಮ್ಮನಿಗೆ ಆಗಿನ್ನೂ ಹಲ್ಲು ಬೀಳುವ ವಯಸ್ಸು.

ರೈಲಿಗೆಂದು ಹೊಸಪೇಟೆಗೆ ಹೊರಟ ಬಸ್ಸಿನ ಕಿಟಕಿಯ ಬಳಿ ನಿಂತು ಅವ್ವ ಕಲಿಸಿದ್ದು ಒಂದೇ ಪಾಠ: “ಯಾರಾರ ಕೇಳಿದ್ರ ಅಪ್ಪ ಸತ್ತಾನಂತ ಹೇಳು. ಸತ್ತೋರ ಬಗ್ಗೆ ಯಾರೂ ಬಾಳ ಕೇಳಂಗಿಲ್ಲ.”

ಅವ್ವನಿಗೆ ಕ್ರಿಸ್ತುವರ ಮನೆಯ ವಿಚಾರ ಗೊತ್ತಿರಲಿಲ್ಲ. ಅಪ್ಪ ತೀರಿಹೋದರೆಂದು ಹೇಳಿದ ಮೊದಲ ಸಂಜೆಯೇ ರೆಜಿನಾ ಬಾಯಿ ಜಪಮಾಲೆ ಹಿಡಿದು ಕೂತು, ತಮ್ಮ ಮನೆಯ ಸತ್ತವರ ಸಾಲಿನಲ್ಲಿ ನಮ್ಮಪ್ಪನನ್ನೂ ಸೇರಿಸಿಕೊಂಡರು. ಸಂಜೆಯ ಆ ಜಪಕ್ಕೆ ಕೊಂಕಣಿಯಲ್ಲಿ ತೇರ್ಸ್ ಎನ್ನುತ್ತಾರೆ. ಅವರ ಬೆರಳ ನಡುವೆ ಮಣಿಗಳು ಜಾರುವುದನ್ನು ನೋಡಿ ನನಗೆ ಅವ್ವನ ಕೊರಳಿನ ಮುತ್ತು ನೆನಪಾಯಿತು. ಅಂದಿನಿಂದ ದಿನವೂ, ಹುಟ್ಟದೇ ಇದ್ದ ಒಬ್ಬ ಮನುಷ್ಯನ ಆತ್ಮಕ್ಕೆ ಆ ಮನೆಯಲ್ಲಿ ಶಾಂತಿ ಕೋರಲಾಗುತ್ತಿತ್ತು. ಯಾರ ದೇವರಾದರೇನು, ಅಂಥವನೊಬ್ಬ ಇಲ್ಲಿಗೆ ಬಂದೇ ಇಲ್ಲವಲ್ಲ ಎಂದು ಆ ದೇವರು ಒಂದು ದಿನ ಹೇಳಿಬಿಟ್ಟರೆ ಎಂದು ನಾನು ಹೆದರುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ.

ಊಟದ್ದು ಇನ್ನೊಂದು ಪಾಡು. ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಕುಚ್ಚಿಲಕ್ಕಿಯ ಗಂಜಿ ಎಲ್ಲಿಗೂ ಸಾಲದು. ಅಲ್ಲಿ ಖಾರಕ್ಕೆ ಕಣ್ಣೀರು ಬರುತ್ತಿತ್ತು, ಇಲ್ಲಿ ಒಣಮೀನು ಸುಡುವ ವಾಸನೆಗೆ. ಅಲ್ಲಿ ಬಟ್ಟೆ ಒಗೆದು ತಿರುಗಿ ನೋಡುವಷ್ಟರಲ್ಲಿ ಒಣಗುತ್ತಿತ್ತು. ಇಲ್ಲಿ ಮಳೆಗಾಲದಲ್ಲಿ ಹಸಿ ಸೀರೆಯನ್ನೇ ಉಟ್ಟು ಮೈ ಬಿಸಿಗೆ ಒಣಗಿಸಿಕೊಳ್ಳಬೇಕು. ಮಾತಂತೂ ಪುಸ್ತಕ ಓದಿದ ಹಾಗೆ. “ಎಂತ ಉಂಟು?” ಎಂದು ಯಾರಾದರೂ ಸುಮ್ಮನೆ ವಿಚಾರಿಸಿದರೂ ನನಗೆ ಪೊಲೀಸರ ಪ್ರಶ್ನೆಯಂತೆ ಕೇಳುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ದಿನಕ್ಕೆ ಎಷ್ಟು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದೆನೋ ಲೆಕ್ಕವಿಲ್ಲ. ಜೊತೆಯ ಹುಡುಗಿಯರು ನನ್ನ ಹುಲಿಗೆಮ್ಮ ಎಂಬ ಹೆಸರಿನ ಹುಲಿಯನ್ನು ಹಿಡಿದು, ತುಳುವಿನಲ್ಲಿ ಹುಲಿಗೆ ಪಿಲಿ ಎನ್ನುವುದರಿಂದ, ಪಿಲಿ ಎಂದೇ ಕರೆದರು. ಅಷ್ಟು ಹೆದರುಪುಕ್ಕಲಿ ಹುಲಿ ಇನ್ನೊಂದು ಇರಲಿಕ್ಕಿಲ್ಲ.

ತರಬೇತಿ ಶಾಲೆಯಲ್ಲಿ ನಮಗೆ ಕನ್ನಡ ಕಲಿಸುತ್ತಿದ್ದವರು ಪದ್ಮಾವತಿ ಟೀಚರ್. ದೇವಸ್ಥಾನದ ಪೂಜೆಯ ಮನೆತನದವರು. ಶುದ್ಧ, ಶಿಸ್ತು, ಎತ್ತರದ ದನಿ. ತನ್ನ ಬಾಳನ್ನು ತಾನು ಓದಲಾರದವಳು ಮಕ್ಕಳ ಮುಖವನ್ನು ಓದಲಾರಳು ಎಂಬುದು ಅವರ ನಂಬಿಕೆ. ಅದಕ್ಕೆ ಪ್ರತಿ ಶನಿವಾರ ನಾವು ನಮ್ಮ ನಮ್ಮ ಬಾಳಿನ ಒಂದು ತುಂಡನ್ನು ಬರೆದು ತಂದು ಎಲ್ಲರೆದುರು ನಿಂತು ಓದಬೇಕು. ಮೊದಮೊದಲು ಸುಲಭವಾಗಿತ್ತು: ನಾನು ಕಂಡ ಮೊದಲ ಮಳೆ, ನಮ್ಮ ಮನೆಯ ಅಡಿಗೆ. ಹುಡುಗಿಯರಲ್ಲಿ ಒಬ್ಬಳ ಮನೆಮಾತು ತುಳು, ಒಬ್ಬಳದು ಕೊಂಕಣಿ, ಮತ್ತೊಬ್ಬಳದು ಬ್ಯಾರಿ. ಕನ್ನಡಕ್ಕೆ ಬರುವಾಗ ಅವರೆಲ್ಲ ಕಾಲು ತೊಳೆದುಕೊಂಡು ಒಳಗೆ ಬಂದವರಂತೆ ಬರೆಯುತ್ತಿದ್ದರು; ಬೇಡದ್ದು ಹೊರಗೇ ಉಳಿಯುತ್ತಿತ್ತು. ಅವ್ವನ ಮಾತೇ ಕನ್ನಡವಾಗಿದ್ದವಳು ನಾನೊಬ್ಬಳೇ. ಅಡಗಿಕೊಳ್ಳಲು ನನಗೆ ಬೇರೆ ಭಾಷೆ ಇರಲಿಲ್ಲ.

ಒಂದು ಶನಿವಾರಕ್ಕೆ ಅವರು ಕೊಟ್ಟ ವಿಷಯ, ನಮ್ಮ ಮನೆಯ ಯಜಮಾನರು. ಆ ವಾರವೆಲ್ಲ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅಪ್ಪನನ್ನು ಕಟ್ಟಲು ಕೂತರೆ ಅವನಿಗೊಂದು ಕಸುಬು, ಮೀಸೆ, ಅವನು ಸತ್ತ ಕಾಯಿಲೆ, ಎಲ್ಲ ಬೇಕು. ಒಂದಕ್ಕೆ ಒಂದು ಕೊಂಡಿ ತಪ್ಪಿದರೆ ಟೀಚರ್ ಕಣ್ಣಿಗೆ ಬಿತ್ತು. ಆಮೇಲೆ ಶಾಲೆಯಿಂದ ಹೆಸರು ಹೊಡೆಯುತ್ತಾರೆ, ಬಾಯಿ ಮನೆಯಿಂದ ಹೊರಗೆ ಹಾಕುತ್ತಾರೆ, ಊರಿನಲ್ಲಿ ಅಜ್ಜಿ ಮುತ್ತು ಪೋಣಿಸಿ ಕೂರುತ್ತಾಳೆ. ಆ ಕೊರಳು ನನ್ನದೋ ಈರಮ್ಮನದೋ ಎಂಬಲ್ಲಿಗೆ ಬಂದು ನನ್ನ ಯೋಚನೆ ನಿಲ್ಲುತ್ತಿತ್ತು. ಕೊನೆಗೆ ಸುಳ್ಳು ಕಟ್ಟಲಾರದೆ, ನಿಜ ಹೇಳಲಾರದೆ, ಅವ್ವನ ಬಗ್ಗೆ ಮಾತ್ರ ಬರೆದು ಹಾಳೆ ಮಡಿಸಿದೆ.

ನನಗಿಂತ ಮೊದಲು ಓದಲು ಎದ್ದವಳು ಸುಶೀಲ. ಕುದ್ರೋಳಿಯ ಹುಡುಗಿ, ತುಳು ಮನೆಮಾತಿನವಳು. ಅವಳು ಓದಿದ್ದನ್ನು ನಾನು ಇಂದಿಗೂ ಮರೆತಿಲ್ಲ. ನಮ್ಮ ಮನೆಯ ಯಜಮಾನರು ನನ್ನ ಸೋದರಮಾವ ಎಂದು ಶುರು ಮಾಡಿದಳು. ಮನೆ ತಾಯಿಯ ಕಡೆಯದು, ತಾಯಿಯಿಂದ ಮಗಳಿಗೆ ಬರುತ್ತದೆ. ಅಪ್ಪ ಬಂದರೆ ನೆಂಟರು ಬಂದ ಹಾಗೆ ಮಣೆ ಹಾಕುತ್ತೇವೆ. ನನ್ನ ಅಮ್ಮ ಮೊದಲನೆಯ ಗಂಡನನ್ನು ಬಿಟ್ಟು ಎರಡನೆಯವರ ಕೈ ಹಿಡಿದರು, ನಾನು ಎರಡನೆಯವರ ಮಗಳು. ಬಾಗಿಲ ಬಳಿ ಚಪ್ಪಲಿ ಬಿಟ್ಟದ್ದನ್ನು ಹೇಳುವಷ್ಟು ಸಲೀಸಾಗಿ ಹೇಳಿ ಕೂತಳು. ಯಾರೂ ಹುಬ್ಬು ಏರಿಸಲಿಲ್ಲ. ಒಬ್ಬಳು ಆಕಳಿಸಿದಳು ಕೂಡ. ನಮ್ಮೂರಿನಲ್ಲಿ ಇದರ ಅರ್ಧ ಮಾತಿಗೆ ಕಟ್ಟೆಯ ಮೇಲಿನ ಗಂಡಸರು ವರ್ಷವಿಡೀ ನಗುತ್ತಿದ್ದರು.

ನಾನು ಎದ್ದೆ. ನಮ್ಮ ಮನೆಯ ಯಜಮಾನ ನಮ್ಮವ್ವ, ಮನೆಯ ಗಂಡುಮಗನೂ ಅವಳೇ, ಹೊಲದ ಬೀಜ ಅವಳ ಕೈಯಿಂದಲೇ ಬೀಳಬೇಕು ಎಂದು ಓದಿದೆ. ದನಿ ನನ್ನದಾಗಿರಲಿಲ್ಲ. ಮುಗಿಸಿ ತಲೆ ಎತ್ತುವಾಗ ಪದ್ಮಾವತಿ ಟೀಚರ್ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಿದ್ದರು.

“ನಿಮ್ಮಲ್ಲಿಯೂ ಅಳಿಯಕಟ್ಟು ಉಂಟಾ?” ಎಂದು ಕೇಳಿದರು.

ಅಳಿಯಕಟ್ಟು ಎಂದರೆ ಸುಶೀಲ ಹೇಳಿದ ತಾಯಿಯ ಕಡೆಯ ಪದ್ಧತಿ. ನಾನು ಹೌದೆಂದು ತಲೆಯಾಡಿಸಿದೆ. ಅಷ್ಟೇ. ಘಟ್ಟದ ಮೇಲೆಯೂ ಉಂಟಂತೆ ಎಂದು ಅವರು ಸಂತೋಷಪಟ್ಟು ಮುಂದಿನವಳನ್ನು ಕರೆದರು. ಊರಿನಲ್ಲಿ ಬೈಗುಳವಾಗಿದ್ದದ್ದು ಇಲ್ಲಿ ಪದ್ಧತಿಯಾಗಿ ನನ್ನನ್ನು ಹೊದಿಸಿತ್ತು. ಆ ಸಂಜೆ ಕುಲಶೇಖರದ ದಾರಿಯಲ್ಲಿ ಮೊದಲ ಬಾರಿಗೆ ತಲೆ ಎತ್ತಿ ನಡೆದೆ. ಗಂಜಿಯನ್ನೂ ಎರಡು ಸಲ ಹಾಕಿಸಿಕೊಂಡೆ.

ಹೊದಿಕೆ ಎರವಲಿನದು. ಸುಶೀಲ ಇದೀಗ ನನ್ನನ್ನು ತನ್ನವಳೆಂದೇ ಎಣಿಸಿ ಕುದ್ರೋಳಿಯ ಮನೆಗೆ ಊಟಕ್ಕೆ ಕರೆದೊಯ್ದಳು. ಅವಳ ಅಮ್ಮ ಬಾಳೆಲೆ ಹಾಕಿ, ಪಕ್ಕದಲ್ಲಿ ಕೂತು, ಅಕ್ಕರೆಯಿಂದಲೇ ನಿಮ್ಮ ಬರಿ ಯಾವುದು ಮಗಾ ಎಂದು ಕೇಳಿದರು. ಬರಿ ಎಂದರೆ ತಾಯಿಯಿಂದ ಬರುವ ಕುಲದ ಹೆಸರು, ಅಳಿಯಕಟ್ಟಿನಲ್ಲಿ ಅದಿಲ್ಲದವರಿಲ್ಲ. ಸುಶೀಲ ನೀರು ಸೇದಲು ಹೊರಗೆ ಹೋಗಿದ್ದಳು. ತುತ್ತು ಬಿಸಿತುಪ್ಪವಾಯಿತು. ಯಾವ ಹೆಸರನ್ನು ಹೇಳಿದರೂ ಅವರು ನಂಟು ಹುಡುಕುತ್ತಾ ಹೊರಡುವುದು ಖಂಡಿತ. ನನಗೆ ಏನಾಯಿತೋ, ನಿಜವನ್ನೇ ಹೇಳಿಬಿಟ್ಟೆ. ನಮ್ಮವ್ವ ಯಾರ ಕೈಯನ್ನೂ ಹಿಡಿದವಳಲ್ಲ, ಅವಳಿಗೆ ಮುತ್ತು ಕಟ್ಟಿದ್ದಾರೆ ಎಂದೆ.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ನಮ್ಮದು ಹಾಗಲ್ಲ ಮಗಾ. ನನ್ನ ಎರಡೂ ಮದುವೆ ಹತ್ತು ಜನರ ಎದುರು ಆದದ್ದು. ಆ ಮಾತನ್ನು ಇದರ ಹತ್ತಿರ ತಂದು ಇಡ್ಬೇಡ,” ಎಂದರು.

ಎಲೆಯ ಮುಂದಿನಿಂದ ಏಳಲು ಹೋದೆ. ಅವರು ನನ್ನ ಭುಜ ಒತ್ತಿ ಕೂರಿಸಿ ಇನ್ನೊಂದು ಸೌಟು ಬಡಿಸಿದರು. ಸುಶೀಲಳಿಗೆ ಹೇಳುವುದಿಲ್ಲ, ನೀನೂ ಬೇರೆ ಎಲ್ಲಿಯೂ ಬಾಯಿ ಬಿಡಬೇಡ ಎಂದರು. ಅವರು ಒಳ್ಳೆಯವರು. ಆದರೆ ಮತ್ತೆಂದೂ ಊಟಕ್ಕೆ ಕರೆಯಲಿಲ್ಲ. ಅಂದಿನಿಂದ ತರಬೇತಿ ಮುಗಿಯುವವರೆಗೆ ಪ್ರತಿ ಶನಿವಾರವೂ ನಾನು ತರಗತಿಯ ಬಾಗಿಲನ್ನೇ ನೋಡುತ್ತಿದ್ದೆ. ಯಾರಾದರೂ ಬಂದು ನನ್ನ ಹೆಸರು ಹಿಡಿದು ಕರೆಯುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಬರಲಿಲ್ಲ. ಕಾಯುವುದು ಮಾತ್ರ ನಿಲ್ಲಲಿಲ್ಲ.

ಪಾಸಾದೆ. ಮಂಗಳೂರಿನಲ್ಲೇ, ದೇರೆಬೈಲಿನ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ರಜೆಗೆ ಊರಿಗೆ ಹೋದರೆ ಅಜ್ಜಿ ಕೊಟ್ಟ ಮಾತನ್ನು ಮರೆತಿದ್ದಳು, ಇಲ್ಲವೇ ಮರೆತವಳಂತೆ ಇದ್ದಳು. ಮನೆಗೊಬ್ಬ ಗಂಡುಮಗ ಬೇಡವೇ ಎಂದು ನನ್ನನ್ನೇ ಕೇಳಿದಳು. ಅವ್ವ ಎದುರಾಡಲಿಲ್ಲ. ಮಾರನೆಯ ದಿನ ಅಜ್ಜಿ ಹೊಲಕ್ಕೆ ಹೋದ ಹೊತ್ತಿನಲ್ಲಿ ಈರಮ್ಮನಿಗೆ ಎಣ್ಣೆ ಹಚ್ಚಿ ತಲೆ ಬಾಚಿ, ನಮ್ಮಿಬ್ಬರನ್ನೂ ಬಸ್ಸಿನ ಬಳಿಗೆ ಕರೆತಂದಳು. ನೀನೂ ಬಾ ಎಂದೆ.

“ನಾ ಬಂದ್ರ ನನ್ನ ಕೊಳ್ಳಾಗಿನ ಮುತ್ತೂ ನನ್ನ ಜೋಡಿ ಬರತಾವ,” ಎಂದಳು ಅವ್ವ. ಆಮೇಲೆ ಈರಮ್ಮನನ್ನು ಮಗ್ಗುಲಿಗೆ ಕರೆದು ಕಿವಿಯಲ್ಲಿ ಏನನ್ನೋ ಹೇಳಿದಳು. ಮಗು ತಲೆಯಾಡಿಸಿತು. ಜಾಣೆಯಾಗಿರು ಎಂದಿರಬೇಕು ಎಂದುಕೊಂಡೆ.

ಕುಲಶೇಖರ ತಲುಪಿದಾಗ ರೆಜಿನಾ ಬಾಯಿ ಅಂಗಳಕ್ಕೆ ಬಂದರು. ಬಂದವರು ಮಗುವಿನ ಮುಖವನ್ನೂ ಸರಿಯಾಗಿ ನೋಡದೆ, ಅವಳ ಲಂಗದ ರವಿಕೆಯ ಕೊರಳನ್ನು ಬೆರಳಿನಿಂದ ಸರಿಸಿ ಒಳಗೆ ಮುಟ್ಟಿ ನೋಡಿದರು. ಬರಿದಾಗಿತ್ತು. ಅವರು ದೊಡ್ಡ ಉಸಿರು ಬಿಟ್ಟರು. ಬಳ್ಳಾರಿಯ ಹೆರಿಗೆ ವಾರ್ಡಿನಲ್ಲಿ ಅಂಥ ಕೊರಳುಗಳನ್ನು ಎಷ್ಟು ನೋಡಿದ್ದರೋ. ನಾನು ಊರು, ಹೆಸರು ಹೇಳಿ ಅಪ್ಪ ತೀರಿಹೋದರೆಂದ ದಿನವೇ ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ ಅಷ್ಟು ದಿನ ಇಲ್ಲದ ಅಪ್ಪನಿಗೆ ಪ್ರಾರ್ಥಿಸುತ್ತಾ ಬಂದಿದ್ದರು. ಆ ಸಂಜೆ ತೇರ್ಸಿಗೆ ಕೂತಾಗ ಅವರು ನನ್ನ ಕಡೆ ತಿರುಗದೆಯೇ ಹೇಳಿದರು: “ಇವತ್ತಿನಿಂದ ಅಪ್ಪ ಸಾಕು. ನಿನ್ನ ಅಮ್ಮನ ಹೆಸರೆಂತ?”

ಮಂಗಳೂರಿನಲ್ಲಿ ಅವ್ವನ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು. ಅಂದಿನಿಂದ ಬದುಕಿರುವವರ ಸಾಲಿನಲ್ಲಿ, ಕೊಂಕಣಿಯ ನಡುವೆ, ದುರುಗವ್ವ ಎಂದು ಕೇಳಿಸುತ್ತದೆ.

ಇದೆಲ್ಲ ಆಗಿ ವರ್ಷಗಳಾದವು. ಈರಮ್ಮ ಈಗ ಗಂಜಿಗೆ ಒಣಮೀನಿನ ಚಟ್ನಿ ಇಲ್ಲದಿದ್ದರೆ ಮುಖ ಊದಿಸುತ್ತಾಳೆ, ತುಳುವಿನಲ್ಲಿ ಜಗಳವಾಡುತ್ತಾಳೆ. ನನ್ನದೇ ತರಗತಿಯಲ್ಲಿ ಕೂರುತ್ತಾಳೆ. ಪದ್ಮಾವತಿ ಟೀಚರ್ ಕಲಿಸಿದ್ದನ್ನು ನಾನೂ ಬಿಟ್ಟಿಲ್ಲ. ಶನಿವಾರ ಬಂದರೆ ನನ್ನ ಮಕ್ಕಳೂ ತಮ್ಮ ಬಾಳನ್ನು ಬರೆಯುತ್ತಾರೆ. ಎದ್ದು ನಿಂತು ಓದಲು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ.

ಕಳೆದ ಶನಿವಾರ ಈರಮ್ಮ ಬರೆದು ಕೊಟ್ಟದ್ದು ಇಷ್ಟು: ನಮ್ಮ ಮನೆ ಕುಲಶೇಖರದಲ್ಲಿ ಉಂಟು. ಬಾವಿಯ ನೀರು ಕೈಗೆ ಸಿಗುತ್ತದೆ. ನಾನು, ಅಕ್ಕ ಮತ್ತು ಬಾಯಿ ಇದ್ದೇವೆ. ನನ್ನ ಅಮ್ಮ ತೀರಿಹೋಗಿದ್ದಾರೆ.

ಮನೆಗೆ ಬಂದು ಕೇಳಿದೆ. ಅವಳಿಗೆ ನನ್ನ ಗಾಬರಿಯೇ ಅರ್ಥವಾಗಲಿಲ್ಲ. “ಅವ್ವನೇ ಹೇಳಿದ್ದಲ್ವಾ ಅಕ್ಕ, ಬಸ್ಸಿನ ಹತ್ತಿರ. ಯಾರು ಕೇಳಿದ್ರೂ ಸತ್ತಿದ್ದಾಳೆ ಅಂತ ಹೇಳ್ಬೇಕು ಅಂತ,” ಎಂದಳು. ಸಂಜೆ ಬಾಯಿ ಬದುಕಿರುವವರ ಸಾಲಿನಲ್ಲಿ ಅವ್ವನ ಹೆಸರು ಹೇಳುವಾಗ ಎಂದಿನಂತೆ ತಾನೂ ದನಿಗೂಡಿಸಿದಳು. ಆ ಹಾಳೆ ಇನ್ನೂ ನನ್ನ ಬಳಿಯೇ ಇದೆ. ಅದರಲ್ಲಿ ಒಂದೂ ತಪ್ಪಿಲ್ಲ, ಅಕ್ಷರ ದುಂಡಗಿದೆ, ಏನೆಂದು ತಿದ್ದಲಿ?

ಅದಕ್ಕೇ ಅಂದು ಎಲ್ಲರೆದುರು ಓದಲಾರದೆ ಹೋದದ್ದನ್ನು ಈಗ ನಮ್ಮ ಕಡೆಯ ಪತ್ರಿಕೆಯಲ್ಲಿ ಊರಿನವರಿಗೆ ಬರೆಯುತ್ತಿದ್ದೇನೆ. ಇದು ಇಲ್ಲಿ ಯಾರದಾದರೂ ಕಣ್ಣಿಗೆ ಬಿದ್ದರೆ ಎಂದು ನನಗೆ ಹೆದರಿಕೆ. ಅಲ್ಲಿ ಯಾರೂ ಓದದೆ ಹೋದರೆ ಎಂದೂ ಹೆದರಿಕೆ. ಅವ್ವನಿಗೆ ಓದು ಬರುವುದಿಲ್ಲ. ಓದು ಬಲ್ಲವರು ಯಾರಾದರೂ ಒಂದು ಸಲ ನಮ್ಮ ಮನೆಯ ಕಡೆ ಹೋಗಿ, ನಿನ್ನ ಮಕ್ಕಳು ಮಂಗಳೂರಿನಲ್ಲಿ ದಿನಾ ಸಂಜೆ ನಿನ್ನ ಹೆಸರು ಹೇಳುತ್ತಾರಂತೆ ಎಂದು ಅವಳಿಗೆ ಹೇಳಿ.