ರಿವ್ಯೂ ಮಾಡಿದ್ದು ನಾನು

ನಾನು ಆ ತಪ್ಪನ್ನು ನೋಡಿದ್ದೆ, ಸವಿತಾ. ‘ಕಣ್ತಪ್ಪಿಹೋಯ್ತು ಸಾರ್’ ಎಂದು ಆವತ್ತು ಆಫೀಸಿನಲ್ಲಿ ಎಲ್ಲರೆದುರು ಹೇಳಿದ್ದು ಶುದ್ಧ ಸುಳ್ಳು. ನಿನ್ನ ಕೆಲಸ ಹೋದದ್ದು ನನ್ನಿಂದ.

ನೀನು ಗದಗಿನಿಂದ ಬಂದು ಯಡಿಯೂರಿನ ನಮ್ಮ ಮನೆಯ ಮಹಡಿ ರೂಮಿಗೆ ಬಾಡಿಗೆಗೆ ಸೇರಿದಾಗ ಖುಷಿಪಟ್ಟವಳು ನಾನೇ. ಜೆ.ಪಿ. ನಗರದ ನಮ್ಮ ಆಫೀಸಿಗೆ ಸೇರಿಸಿದವಳೂ ನಾನೇ. ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ನೀನು ಅದೇನು, ಇದೇನು ಎಂದು ಕೇಳುತ್ತಿದ್ದೆ. ಹೇಳಿಕೊಡುವುದು ನನಗೂ ಇಷ್ಟವಿತ್ತು — ನೀನು ನನಗಿಂತ ಕೆಳಗಿರುವವರೆಗೆ.

ಒಂದು ಸಂಜೆ ಅಮ್ಮ ನಿನ್ನನ್ನು ಕೇಳಿದಳು, ಅದೇನು ಕೆಲಸ ಮಾಡ್ತೀರಮ್ಮ ಇಬ್ರೂ ಎಂದು. ನೀನು ಕಾಫಿ ಲೋಟ ಕೆಳಗಿಟ್ಟೆ. “ಹಬ್ಬದ ಹಿಂದಿನ ದಿನ ಮಾಳಿಗಿ ಮ್ಯಾಲ ಚಾಕ್‌ಪೀಸಿನಾಗ ರಂಗೋಲಿ ಬರದು ನೋಡ್ತೀರಲ್ರಿ ಆಂಟಿ, ಹಂಗ ನಾವೂ ಕಂಪ್ಯೂಟರಿಗೆ ಹೇಳೂದನ್ನ ಮೊದಲ ಬ್ಯಾರೆ ಕಡೆ ಬರೀತೀವಿ. ಅದಕ್ಕ ಬ್ರಾಂಚ್ ಅಂತಾರ. ಬಾಗಲ ಮುಂದ ಹಾಕೂದು ಮರ್ಜ್. ಅದಕ್ಕಿಂತ ಮೊದಲ ಈ ನಿಮ್ಮ ಮಗಳು ಅಕ್ಕನ್ನ ಕರದು ಎಲ್ಲಿ ತಪ್ಪೈತಿ ನೋಡು ಅಂತೀರಲ್ಲ, ಅದ ರಿವ್ಯೂ.”

ಅಮ್ಮನ ಮುಖ ಅರಳಿತು. ನನ್ನ ಕಡೆ ತಿರುಗಿ, “ನೋಡೇ, ಎಷ್ಟ್ ಚೆನ್ನಾಗ್ ಹೇಳಿದ್ಲು! ನೀನು ಯಾವಾಗ್ ಕೇಳಿದ್ರೂ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮ’ ಅಂತಿದ್ದೆ” ಅಂದಳು.

ಹೊಟ್ಟೆ ಉರಿಯಿತು. ಬೇರೆ ಮಾತೇ ಇಲ್ಲ, ಹೊಟ್ಟೆ ಉರಿಯಿತು. ಆಮೇಲೆ ಮನೆಯಲ್ಲಿ ಬಸ್ಸಾರು ಮಾಡಿದರೆ ಮೊದಲ ಬಟ್ಟಲು ಮಹಡಿಗೆ. ಹಾಲಿನವನಿಗೂ ಪಕ್ಕದ ಮನೆಯಾಕೆಗೂ ಬ್ರಾಂಚಿನ ಪಾಠ — “ನಮ್ ಸವಿತಾ ಹೇಳಿದ್ಲು.” ನಮ್ ಸವಿತಾ! ಹಾಗಾದರೆ ನಾನು ಯಾರು?

ಅದಾಗಿ ಸ್ವಲ್ಪ ದಿನಕ್ಕೆ, ಕಣ್ಣಿನ ಕ್ಲಿನಿಕ್ಕೊಂದರ ಆ್ಯಪಿಗೆ ನೀನು ಬರೆದ ಕೋಡು ರಿವ್ಯೂಗೆಂದು ನನ್ನ ಬಳಿ ಬಂತು. ರೋಗಿ ತನ್ನ ಅಪಾಯಿಂಟ್‌ಮೆಂಟ್ ರದ್ದು ಮಾಡುವ ಭಾಗ ಅದು. ಯಾರದ್ದು ರದ್ದಾಗಬೇಕು ಎಂಬ ಷರತ್ತನ್ನೇ ನೀನು ಬಿಟ್ಟಿದ್ದೆ. ಒಬ್ಬರು ರದ್ದು ಮಾಡಿದರೆ ಆ ದಿನದ ಎಲ್ಲರದ್ದೂ ಹೋಗುತ್ತಿತ್ತು. ನೋಡಿದ ತಕ್ಷಣ ಕಂಡಿತು. ಬೆರಳು ಕೀಬೋರ್ಡಿನ ಮೇಲೇ ಇತ್ತು — ಒಂದು ಸಾಲು ಬರೆದಿದ್ದರೆ... ಕುರ್ಚಿ ತಿರುಗಿಸಿ ನಿನಗೆ ಹೇಳಿದೆ: “ಸರಿಯಾಗಿದೆ, ಹಾಕು.”

ಒಂದಿಷ್ಟು ಬೈಸಿಕೊಳ್ಳಲಿ, ಅಮ್ಮನಿಗೂ ಗೊತ್ತಾಗಲಿ ಅಂದುಕೊಂಡಿದ್ದೆ. ಮರುದಿನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮುದುಕರೆಲ್ಲ ಕ್ಲಿನಿಕ್ಕಿಗೆ ಬಂದರೆ ಒಬ್ಬರ ಹೆಸರೂ ಇಲ್ಲ. ಮ್ಯಾನೇಜರು ಕೂಗಾಡಿದರು. ನಿನ್ನದಿನ್ನೂ ಪ್ರೊಬೇಷನ್, ನಾಳೆಯಿಂದ ಬರಬೇಡ ಅಂದರು. ನನಗೆ ‘ಇನ್ಮುಂದೆ ಹುಷಾರು’, ಅಷ್ಟೇ.

ರೂಮು ಖಾಲಿ ಮಾಡುವಾಗ ನೀನು ನನ್ನ ಕೈ ಹಿಡಿದು, “ನನ್ನಿಂದ ನಿಮಗೂ ಮಾತು ಬಂತು, ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾ” ಅಂದೆ. ನಾನು ತಲೆಯಾಡಿಸಿದೆ. ಅಯ್ಯೋ, ತಲೆಯಾಡಿಸಿದೆ!

ಈ ಸಲ ಯುಗಾದಿಯ ಹಿಂದಿನ ದಿನ ಅಮ್ಮ ತಾರಸಿಯಿಂದ ಕೂಗಿದಳು, “ಬಾರೇ, ರಿವ್ಯೂ ಮಾಡು.” ಇಷ್ಟು ವರ್ಷವಾದರೂ ನಿನ್ನದೇ ಮಾತು. ತಡೆಯಲಾಗಲಿಲ್ಲ — ಅಲ್ಲೇ ನಿಂತು ಎಲ್ಲ ಹೇಳಿಬಿಟ್ಟೆ. ಅಮ್ಮ ಬೈಯಲಿಲ್ಲ. ಚಾಕ್‌ಪೀಸ್ ಕೆಳಗಿಟ್ಟು, “ನಂಗ್ಯಾಕೆ ಹೇಳ್ತೀಯಾ? ಅವಳಿಗ್ ಹೇಳು” ಅಂದಳು. ಆಮೇಲೂ ತಿಂಗಳುಗಟ್ಟಲೆ ಮುಂದೂಡಿದೆ. ಇವತ್ತು ಬರೆಯುತ್ತಿದ್ದೇನೆ, ಮ್ಯಾನೇಜರಿಗೂ ಇದನ್ನೇ ಕಳಿಸುತ್ತೇನೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಮೊನ್ನೆ ಗೌರಿಹಬ್ಬಕ್ಕೆ ಅಮ್ಮ ತಾರಸಿಯಲ್ಲಿ ರಂಗೋಲಿ ಬರೆದಳು. ನಾನು ಮೆಟ್ಟಿಲ ಬಳಿಯೇ ನಿಂತಿದ್ದೆ. ಎಲ್ಲಿ ತಪ್ಪಿದೆ ನೋಡಿ ಬನ್ನಿ ಎಂದು ಅವಳು ಪಕ್ಕದ ಮನೆಯಾಕೆಯನ್ನು ಕರೆದಳು.